ಮೂರು ಕೈಯ ಗಾಡಿ

ನಮ್ಮ ಮಾವನವರ ಕಾರಿನಲ್ಲಿ ಸ್ಟೀರಿಂಗ್ ಎಡಗಡೆ ಇತ್ತು. ಮದ್ರಾಸಿನಲ್ಲಿದ್ದ ಯಾರೋ ಪರದೇಶದ ಅಧಿಕಾರಿ ತನ್ನ ಊರಿಗೆ ವಾಪಸ್ಸು ಹೋಗುವಾಗ ಮಾರಿಹೋದ ಅಮೆರಿಕದ ಗಾಡಿ ಅದು. ಬಳ್ಳಾರಿಯಲ್ಲಿ ಎಲ್ಲರೂ ಅದನ್ನು ಉಲ್ಟಾ ಗಾಡಿ ಎನ್ನುತ್ತಿದ್ದರು. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಗಾಡಿಗೆ ಹದಿನೈದು ವರ್ಷ ದಾಟಿತ್ತು. ಗೇರು ಹಾಕುವ ಗೊಡವೆ ಇರಲಿಲ್ಲ, ಅದು ತಾನೇ ಬದಲಾಯಿಸಿಕೊಳ್ಳುತ್ತಿತ್ತು. ನಾಲ್ಕು ಎಮ್ಮೆಗಳಷ್ಟು ತೂಕದ ಗಾಡಿಯನ್ನು ಒಂದೇ ಬೆರಳಿನಿಂದ ತಿರುಗಿಸಬಹುದಿತ್ತು. ಎಂಜಿನ್ನಿನ ಪಕ್ಕದ ಒಂದು ಪಂಪು ಎಣ್ಣೆಯನ್ನು ಒತ್ತಿ, ತಿರುಗಿಸುವ ಭಾರವನ್ನೆಲ್ಲ ತಾನು ಹೊತ್ತುಕೊಳ್ಳುತ್ತಿತ್ತು. ಪವರ್ ಸ್ಟೀರಿಂಗ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಆ ಪಂಪು ಕೆಟ್ಟ ದಿನ.

ನಾನು ಬಿ.ಎಸ್ಸಿ., ಬಿ.ಎಡ್. ಮಾಡಿದವಳು. ಕುರುಗೋಡಿನ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಬಲ, ವೇಗ, ಕಾಲ ಇವುಗಳ ಬಗ್ಗೆ ಮಕ್ಕಳಿಗೆ ಲೆಕ್ಕ ಹಾಕಿಸುವುದು ನನ್ನ ಕೆಲಸ. ಒಂದು ಶನಿವಾರದ ಮಧ್ಯಾಹ್ನದ ಲೆಕ್ಕವೊಂದನ್ನು ಮಾತ್ರ ಇವತ್ತಿಗೂ ಮುಗಿಸಲು ಆಗಿಲ್ಲ. ಅಡುಗೆ ಮಾಡುವಾಗ, ಬಟ್ಟೆ ಮಡಿಸುವಾಗ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಮಾವನವರದು ಹತ್ತಿ ನೋಡಿ ದರ್ಜೆ ಹೇಳುವ ಕೆಲಸ. ರೈತ ತಂದ ಹತ್ತಿಯಿಂದ ಒಂದು ಹಿಡಿ ತೆಗೆದು, ಬೀಜದಿಂದ ಎಳೆ ಬಿಡಿಸಿ, ಎರಡೂ ಕೈಯ ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯುತ್ತಿದ್ದರು. ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ಬೆರಳೇ ಹೇಳಬೇಕು. ಅವರು ಒಮ್ಮೆ ಹೇಳಿದ ಮೇಲೆ ಕೊಳ್ಳುವವರೂ ಮಾರುವವರೂ ಮತ್ತೆ ಎಳೆದು ನೋಡುತ್ತಿರಲಿಲ್ಲ. ಕುರುಗೋಡಿನ ಹತ್ತಿ ಮಾರುವ ಅಂಗಳಗಳಲ್ಲಿ ಅವರಿಗೆ ದಿನವಿಡೀ ಕೆಲಸವಿತ್ತು. ಬೆಳಿಗ್ಗೆ ನನ್ನನ್ನು ಶಾಲೆಗೆ ಬಿಟ್ಟು, ಸಂಜೆ ಕರೆದುಕೊಂಡು ಬರುತ್ತಿದ್ದರು. ನಾನು ತಲೆಯ ಮೇಲೆ ಸೆರಗು ಹೊದ್ದು ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದೆ. ಹದಿನೆಂಟು ಮೈಲಿ ಇಬ್ಬರೂ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಸೊಸೆ ಮಾವನ ಮುಂದೆ ತಾನಾಗಿ ಮಾತು ತೆಗೆಯುವಂತಿರಲಿಲ್ಲ. ಕೇಳಿದರೆ ಉತ್ತರ ಕೊಡಬೇಕು, ಅಷ್ಟೆ. ಇದನ್ನು ಯಾರೂ ನನಗೆ ಕಲಿಸಿರಲಿಲ್ಲ. ನನ್ನ ತವರಿನಲ್ಲಿ ಅತ್ತಿಗೆ ಹಾಗೆಯೇ ಇದ್ದಳು, ನೋಡಿಯೇ ಬಂದಿತ್ತು.

ಹಿಂದಿನ ಸೀಟಿನಿಂದ ನನಗೆ ಕಾಣುತ್ತಿದ್ದದ್ದು ಅವರ ರುಮಾಲು ಮತ್ತು ಬಲಗೈ. ಎಡಗೈ ಯಾವಾಗಲೂ ತೊಡೆಯ ಮೇಲೆ ಯಾರೋ ಇಟ್ಟುಹೋದ ಗಂಟಿನ ಹಾಗೆ ಇರುತ್ತಿತ್ತು. ಅದು ಶೋಕಿ ಎಂದುಕೊಂಡಿದ್ದೆ. ಅವರು ಎದುರಿಗೆ ಬಂದವರಿಗೆ ಕೈ ಜೋಡಿಸುವುದನ್ನು ಬಿಟ್ಟು ಬಲಗೈ ಮಾತ್ರ ಎತ್ತುತ್ತಿದ್ದರು. ಧಣೇರಿಗೆ ಸೊಕ್ಕು ಬಂದಿದೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದದ್ದೂ ನನ್ನ ಕಿವಿಗೆ ಬಿದ್ದಿತ್ತು.

ಪಂಪು ಕೆಟ್ಟದ್ದು ಶಾಲೆಯಿಂದ ಬರುವಾಗ. ಎಂಜಿನ್ ಕಡೆಯಿಂದ ಹಂದಿ ಕಿರುಚಿದಂಥ ಸದ್ದು ಬಂತು. ಆಮೇಲೆ ಎಣ್ಣೆ ಸುಟ್ಟ ವಾಸನೆ. ಮಾವನವರು ಹೇಗೋ ಮಾಡಿ ಕೌಲ್ ಬಜಾರಿನ ಮಿಸ್ತ್ರಿಯ ತನಕ ಗಾಡಿ ತಂದು ನಿಲ್ಲಿಸಿದಾಗ ಅವರ ರುಮಾಲಿನ ಅಂಚು ಬೆವರಿನಿಂದ ಒದ್ದೆಯಾಗಿತ್ತು. ಮಿಸ್ತ್ರಿ ಬಾನೆಟ್ಟು ಎತ್ತಿ ನೋಡಿದ.

"ಪಂಪ್ ಹೋತ್ರಿ ಧಣೇರಾ. ಇದರ ಸಾಮಾನು ಬಾಂಬೇದಾಗೂ ಸಿಗಾಂಗಿಲ್ಲ."

"ಮತ್ತೇನ್ ಮಾಡಾಕ ಬರ್ತೈತಿ?"

"ಪಂಪು, ಪೈಪು, ಬೆಲ್ಟು ಎಲ್ಲಾ ಕಿತ್ತು ಒಗೀತೀನ್ರಿ. ಹಳೀ ಟ್ಯಾಕ್ಸಿದೊಂದು ಸ್ಟೀರಿಂಗ್ ಬಾಕ್ಸ್ ಐತಿ, ಲೇತ್‌ನಾಗ ತಿದ್ದಿಸಿ ಕುಂದ್ರಸ್ತೀನಿ. ಮಂದಿ ಗಾಡಿ ಹಂಗ ಕೈಲೆ ತಿರುಗತೈತಿ."

"ಭಾರ ಆಗತೈತೇನು?"

"ಆಗತೈತ್ರಿ. ಅದಕ್ಕ ಲಾರೀದೊಂದು ಚಕ್ರ ಹಾಕ್ತೀನಿ. ಚಕ್ರ ದೊಡ್ಡದಾದಷ್ಟೂ ಹಗುರ."

ಮಿಸ್ತ್ರಿ ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಆದರೆ ಅವನು ಹೇಳಿದ್ದು ನನ್ನ ಒಂಬತ್ತನೆಯ ತರಗತಿಯ ಪಾಠವೇ ಆಗಿತ್ತು. ಹಾಗಾಗಿ ನನಗೆ ಭರವಸೆ ಬಂತು.

ಹದಿನೈದು ದಿನ ಆದ ಮೇಲೆ ಗಾಡಿ ನೋಡಲು ಹೋದೆವು. ಸ್ಟೀರಿಂಗ್ ಚಕ್ರ ರೊಟ್ಟಿ ಬಡಿಯುವ ದೊಡ್ಡ ಪರಾತದಷ್ಟಿತ್ತು. ಅದರ ಬಲ ಅಂಚು ಪಕ್ಕದ ಸೀಟಿನ ಹತ್ತಿರದವರೆಗೂ ಬಂದಿತ್ತು. ಮೊದಲು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೂರು ಸುತ್ತಿಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಐದೂವರೆ ಸುತ್ತು ಬೇಕಾಗಿತ್ತು. ಮಾವನವರು ಕೂತು, ಬಲಗೈಯಿಂದ ಎಳೆದರು. ಚಕ್ರ ಒಂದು ಗೇಣು ಬಂದು ನಿಂತಿತು.

"ಎರಡೂ ಕೈ ಹಚ್ರಿ ಧಣೇರಾ."

"ಹಚ್ತೀನಿ, ಹಚ್ತೀನಿ."

ಹಚ್ಚಲಿಲ್ಲ. ಮಿಸ್ತ್ರಿ ಅವರ ತೊಡೆಯ ಮೇಲಿದ್ದ ಎಡಗೈ ನೋಡಿದ. ಹಿಂದೆ ಕೂತಿದ್ದ ನನ್ನನ್ನು ನೋಡಿದ. ಚಿಂದಿಯಿಂದ ತನ್ನ ಕೈ ಒರೆಸಿಕೊಳ್ಳತೊಡಗಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ಈ ಗಾಡಿಗೆ ಇನ್ನ ಮ್ಯಾಲೆ ಮೂರು ಕೈ ಬೇಕ್ರಿ," ಎಂದ. "ನಿಮ್ಮವು ಎಷ್ಟು ಅದಾವ ನೀವೇ ಎಣಿಸ್ಕೋರಿ."

ಆ ದಿನ ಗಾಡಿಯನ್ನು ಮನೆಗೆ ತಂದವನು ಮಿಸ್ತ್ರಿಯೇ. ಸಂಜೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಅವರಿಗೆ ಲಕ್ವಾ ಹೊಡದೈತಿ," ಎಂದರು. "ನಿನ್ನ ಮದುವಿಗಿಂತ ಮೊದ್ಲ. ಸ್ವಲ್ಪ." ಸಾರಿಗೆ ಉಪ್ಪು ಎಷ್ಟು ಎಂದು ಹೇಳಿದ ಹಾಗೆ ಹೇಳಿದರು. "ಎಡಭುಜ ಏಳಾಂಗಿಲ್ಲ. ಬೆರಳು ಚಲೋ ಅದಾವ. ಮೊಳಕೈ ನಡಕ್ಕ ಒತ್ತಿ ಹಿಡಕೊಂಡು ಹತ್ತಿ ಎಳೀತಾರ, ಯಾರಿಗೂ ಗೊತ್ತಾಗಿಲ್ಲ. ನಿನ್ನ ಗಂಡಗೂ ಗೊತ್ತಿಲ್ಲ."

"ಅವರಿಗೆ ಯಾಕ ಹೇಳಿಲ್ರಿ ಅತ್ತಿ?"

"ಅಂವ ಬ್ಯಾಂಕಿನಾಗ ಕುಂದ್ರತಾನ. ಅಲ್ಲಿ ಹತ್ತಿ ಮಂದಿನೇ ಬರ್ತಾರ. ಲಕ್ವಾ ಅಂತ ಒಬ್ಬರ ಬಾಯಿಗೆ ಬಿದ್ರ ಸಾಕು, ಬೆರಳಿನ ಮ್ಯಾಲೆ ನಂಬಿಕಿ ಹೋಗತೈತಿ. ಆಮ್ಯಾಲೆ ಈ ಮನಷ್ಯಾ ಕಟ್ಟಿ ಮ್ಯಾಲೆ ಕುಂತು ಏನ್ ಮಾಡಬೇಕು?"

"ಡ್ರೈವರನ್ನ ಇಟ್ಕೋಬಹುದಲ್ರಿ?"

"ಡ್ರೈವರ್ ಚಾದಂಗಡಿಗೆ ಹೋಗ್ತಾನ. ನೀ ಹೋಗ್ತೀಯೇನು?"

ನಾನು ಹೋಗುವುದಿಲ್ಲ ಎಂಬುದು ನಿಜವಾಗಿತ್ತು. ಹೀಗಾಗಿ ಮಾವನವರ ಒಂದು ಕೈಗೆ ಎರಡು ಕೈ ಸೇರಿಸುವ ಕೆಲಸಕ್ಕೆ ನಾನು ಆಯ್ಕೆಯಾದೆ. ಮಾವನ ಪಕ್ಕ, ಒಂದೇ ಸೀಟಿನಲ್ಲಿ ಸೊಸೆ ಕೂರುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಅತ್ತೆ ಒಳಗೆ ಹೋಗಿ ಪಡಸಾಲೆಯ ಒರಗುದಿಂಬು ತಂದರು. ಅದನ್ನು ನಾವು ಲೋಡು ಎನ್ನುತ್ತೇವೆ. ಗಾಡಿಯ ಮುಂದಿನ ಸೀಟಿನ ನಡುವೆ ಅದನ್ನು ಉದ್ದಕ್ಕೆ ಇಟ್ಟು, ಎರಡು ಸಲ ತಟ್ಟಿ ಕೂರಿಸಿದರು.

"ಇದರ ಆಚಿಗೆ ಅವರು, ಈಚಿಗೆ ನೀನು. ಕೈ ಅಷ್ಟ ದಾಟಬೇಕು."

ಮುಂದಿನ ಭಾನುವಾರ ಬೆಳಿಗ್ಗೆ ಕಂಟೋನ್ಮೆಂಟಿನ ಅಗಲ ರಸ್ತೆಗಳಲ್ಲಿ ಅಭ್ಯಾಸ ಮಾಡಿದೆವು. ಅವರು "ಬಲಕ್ಕ" ಎಂದರೆ ನಾನು ಚಕ್ರದ ಅಂಚನ್ನು ಎರಡೂ ಕೈಯಿಂದ ಕೆಳಗೆ ಎಳೆಯಬೇಕು. "ಎಡಕ್ಕ" ಎಂದರೆ ಮೇಲಕ್ಕೆ ತಳ್ಳಬೇಕು. "ಬಿಡು" ಎಂದರೆ ಬಿಡಬೇಕು. ಸ್ಟೀರಿಂಗ್ ಎಡಕ್ಕಿದ್ದುದರಿಂದ, ಮುಂದಿರುವ ಗಾಡಿಯನ್ನು ದಾಟುವಾಗ ಎದುರಿನ ರಸ್ತೆ ಅವರಿಗೆ ಕಾಣುತ್ತಿರಲಿಲ್ಲ, ಬಲಗಡೆ ಕೂತ ನನಗೆ ಕಾಣುತ್ತಿತ್ತು. ಆದ್ದರಿಂದ ಅವರು "ರಸ್ತಾ?" ಎಂದು ಕೇಳುತ್ತಿದ್ದರು. ನಾನು "ಖಾಲಿ ಐತ್ರಿ ಮಾವಾರ" ಅಥವಾ "ಇಲ್ರಿ ಮಾವಾರ" ಎನ್ನುತ್ತಿದ್ದೆ. ಒಂದು ತಾಸಿನಲ್ಲಿ ಎಲ್ಲ ಹೊಂದಿಕೊಂಡಿತು. ನನ್ನ ಮದುವೆಯ ನಂತರ ನಾವಿಬ್ಬರು ಅಷ್ಟು ಮಾತಾಡಿದ್ದು ಅದೇ ಮೊದಲು.

ನಮ್ಮ ಕಡೆ ಡ್ರೈವರು ಬಲಗಡೆ ಇರುವುದು ರೂಢಿ. ತಲೆಗೆ ಸೆರಗು ಹೊದ್ದ ಹೆಂಗಸು ಬಲಗಡೆ ಕೂತು ಬರುವುದನ್ನು ದಾರಿಯ ಹಳ್ಳಿಗಳವರು ನಿಂತು ನೋಡುತ್ತಿದ್ದರು. ನಮ್ಮ ಶಾಲೆಯ ಹುಡುಗಿಯರಿಗೆ, ಟೀಚರ್ ಬರೀ ಕಣ್ಣಿನಲ್ಲಿ ನೋಡಿ ಗಾಡಿ ಓಡಿಸುತ್ತಾರೆ ಎಂದು ಖಾತ್ರಿಯಾಗಿತ್ತು. ಹೆಡ್‌ಮಾಸ್ತರರು ಒಂದು ದಿನ, "ಏನ್ರೀ ಟೀಚರ್ರ, ಗಾಡಿ ಕಲ್ತ್ರಂತ?" ಎಂದರು. "ಇಲ್ರಿ ಸರ್, ಮಾವನೋರು ಹೊಡೀತಾರ" ಎಂದೆ. "ಅವರು ಆ ಕಡಿ ಕುಂತು ಹೆಂಗ ಹೊಡೀತಾರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಂಟೆ ಬಾರಿಸಲು ಹೇಳಿದರು.

ನಾಲ್ಕು ತಿಂಗಳು ಹೀಗೆ ನಡೆಯಿತು. ಮಾವನವರ ಕೆಲಸಕ್ಕೆ ಏನೂ ಧಕ್ಕೆ ಆಗಲಿಲ್ಲ. ನನ್ನ ತೋಳುಗಳು ಗಟ್ಟಿಯಾದವು, ಬಳೆ ಬದಲಾಯಿಸಬೇಕಾಯಿತು.

ಆ ಶನಿವಾರ ನನಗೆ ಅರ್ಧ ದಿನದ ಶಾಲೆ. ಸಿರುಗುಪ್ಪದಲ್ಲಿ ಒಂದು ದೊಡ್ಡ ರಾಶಿ ನೋಡಿ ದರ್ಜೆ ಹೇಳಬೇಕೆಂದು ಮಾವನವರಿಗೆ ಕರೆ ಬಂದಿತ್ತು. ಶಾಲೆ ಬಿಟ್ಟ ಮೇಲೆ ಕುರುಗೋಡಿನಿಂದ ನೇರ ಹೊರಟೆವು. ಆ ಕಡೆಯ ರಸ್ತೆಯಲ್ಲಿ ನಾವು ಮೂರು ಕೈಯಿಂದ ಹೋದದ್ದು ಅದೇ ಮೊದಲು. ಬಲಕ್ಕೆ ಬತ್ತದ ಗದ್ದೆ, ಎಡಕ್ಕೆ ಕಪ್ಪು ಹೊಲ, ಮುಂದೆ ಕಾಲುವೆಯ ಸೇತುವೆ. ಸೇತುವೆಯ ಹತ್ತಿರ ರಸ್ತೆ ಉಬ್ಬಿತ್ತು. ಉಬ್ಬಿನ ಆಚೆ ಏನಿದೆ ಎಂದು ಕಾಣುತ್ತಿರಲಿಲ್ಲ. ಈ ಕಡೆ, ನಮ್ಮ ಮುಂದೆ, ಒಂದು ಹತ್ತಿ ಬಂಡಿ ಹೋಗುತ್ತಿತ್ತು. ಹತ್ತಿ ಎರಡೂ ಬದಿ ಉಬ್ಬಿ, ಬಂಡಿ ತನ್ನ ಅಗಲದ ಎರಡರಷ್ಟಾಗಿತ್ತು.

"ರಸ್ತಾ?" ಎಂದರು ಮಾವನವರು.

ನಾನು ನೋಡಿದೆ. ಸೇತುವೆಯವರೆಗೆ ಒಂದು ನಾಯಿ ಕೂಡ ಇರಲಿಲ್ಲ.

"ಖಾಲಿ ಐತ್ರಿ ಮಾವಾರ."

"ಬಲಕ್ಕ."

ನಾನು ಎಳೆದೆ. ಗಾಡಿ ಬಲಕ್ಕೆ ಸರಿದು ಬಂಡಿಯ ಪಕ್ಕಕ್ಕೆ ಬರತೊಡಗಿತು. ಆಗ ಸೇತುವೆಯ ಉಬ್ಬಿನ ಮೇಲೆ ಮೊದಲು ಒಂದು ಕೋಳಿ ಬುಟ್ಟಿ ಕಾಣಿಸಿತು. ಅದರ ಪಕ್ಕ ಒಂದು ಸೈಕಲ್ಲು, ಮಲಗಿಸಿ ಕಟ್ಟಿದ್ದು. ಅವುಗಳ ಕೆಳಗೆ ಬಸ್ಸು ಮೇಲೆದ್ದು ಬಂತು.

ಮಾವನವರಿಗೆ ಬಂಡಿಯ ಹತ್ತಿ ಅಡ್ಡವಾಗಿತ್ತು. ಅವರಿಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಅವರು ಮತ್ತೆ "ರಸ್ತಾ?" ಎಂದು ಕೇಳಿದರೆ "ಇಲ್ರಿ ಮಾವಾರ" ಎಂದು ಹೇಳಲು ಬಾಯಿ ಸಿದ್ಧ ಮಾಡಿಕೊಂಡಿದ್ದೆ. ಅವರು ಕೇಳಲಿಲ್ಲ. ಒಮ್ಮೆ ಕೇಳಿ ಆಗಿತ್ತಲ್ಲ. ನಾನು ಕಾದೆ.

ಬಿ.ಎಸ್ಸಿ. ಓದಿದ ಹೆಂಗಸು, ಕಣ್ಣೆದುರು ಬಸ್ಸು ಬರುತ್ತಿರುವಾಗ, ಯಾರಾದರೂ ಪ್ರಶ್ನೆ ಕೇಳಲಿ ಎಂದು ಕಾಯುತ್ತ ಕೂತಿದ್ದಳು.

ಬಸ್ಸು ಹಾರ್ನ್ ಒತ್ತಿತು. ಆಗ ಮಾವನವರು ಬ್ರೇಕ್ ತುಳಿದು, ಚಕ್ರವನ್ನು ಎಡಕ್ಕೆ ಎಳೆದರು, ಬಂಡಿಯ ಹಿಂದಕ್ಕೆ ಸೇರಬೇಕೆಂದು. "ಎಡಕ್ಕ" ಎಂದು ಹೇಳಲು ಅವರಿಗೆ ಪುರುಸೊತ್ತಾಗಲಿಲ್ಲ. ಹೇಳದೆ ನಾನು ಬಿಡಲಿಲ್ಲ. ನನ್ನ ಕೈಗಳು ಕೊನೆಯ ಅಪ್ಪಣೆಯನ್ನು ಪಾಲಿಸುತ್ತ ಬಲಕ್ಕೆ ಎಳೆಯುತ್ತಿದ್ದವು. ಅವರ ಒಂದು ಕೈ ನನ್ನ ಎರಡು ಕೈಗೆ ಸಮನಾಗಿತ್ತೆಂದು ಕಾಣುತ್ತದೆ. ಚಕ್ರ ಯಾವ ಕಡೆಗೂ ತಿರುಗಲಿಲ್ಲ. ಗಾಡಿ ನೆಟ್ಟಗೆ, ಬಂಡಿಗೂ ಬಸ್ಸಿಗೂ ನಡುವೆ ಹೋಯಿತು.

ಬಸ್ಸಿನ ಡ್ರೈವರು ತನ್ನ ಎಡಗಡೆಯ ಗಾಲಿಗಳನ್ನು ಗದ್ದೆಯ ಅಂಚಿಗೆ ಇಳಿಸಿದ್ದ. ಅದರ ಕಿಟಕಿಯ ಕಂಬಿಗಳು ನನ್ನ ಕಿವಿಯ ಪಕ್ಕದಲ್ಲಿ ಒಂದೊಂದಾಗಿ ದಾಟಿದವು. ಒಂದು ಕಿಟಕಿಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ ಅಜ್ಜಿ ಕಂಡಳು. ಅವಳು ನನ್ನನ್ನು ನೋಡಿದಳು, ಸುಲಿಯುವುದನ್ನು ನಿಲ್ಲಿಸಲಿಲ್ಲ. ಎಡಗಡೆ ನಮ್ಮ ಗಾಡಿ ಹತ್ತಿಯನ್ನು ಉದ್ದಕ್ಕೂ ಸವರಿಕೊಂಡು ಹೋಯಿತು. ಮಾವನವರ ಕಡೆಯ ಕಿಟಕಿ ತೆರೆದಿತ್ತು. ಹತ್ತಿ ಒಳಗೆ ಬಂತು. ಗಾಡಿ ನಿಂತಾಗ ಅವರ ಮಡಿಲು, ಭುಜ, ರುಮಾಲು ಎಲ್ಲ ಬೆಳ್ಳಗಾಗಿದ್ದವು. ಲೋಡು ತನ್ನ ಜಾಗದಲ್ಲೇ ಇತ್ತು.

ಯಾರಿಗೂ ಏನೂ ಆಗಿರಲಿಲ್ಲ. ಎತ್ತುಗಳು ಬೆದರಿ ಹೊಲಕ್ಕೆ ಇಳಿದು ನಿಂತಿದ್ದವು. ಬಸ್ಸಿನ ಡ್ರೈವರು ನನ್ನ ಕಿಟಕಿಗೆ ಬಂದ. ಮೊದಲು ತೆಲುಗಿನಲ್ಲಿ ಬೈದ. ನನಗೆ ತಿಳಿಯಲಿಲ್ಲವೇನೋ ಎಂದು ಕನ್ನಡದಲ್ಲೂ ಬೈದ.

"ಯಾರಮ್ಮಾ ನಿನಗ ಲೈಸೆನ್ಸ್ ಕೊಟ್ಟಾಂವ?" ಎಂದವನು, ನನ್ನ ಮುಂದೆ ಚಕ್ರವೇ ಇಲ್ಲದ್ದನ್ನು ಆಗ ನೋಡಿದ. ಆಮೇಲೆ, ಪಕ್ಕದವರ ಮುಂದಿದ್ದ ಚಕ್ರವನ್ನು ಇನ್ನೂ ಗಟ್ಟಿಯಾಗಿ ಹಿಡಿದಿದ್ದ ನನ್ನ ಎರಡು ಕೈಗಳನ್ನು ನೋಡಿದ. "ಏನ್ ಗಾಡಿನೋ ಇದು, ಸರ್ಕಸ್ಸೋ?"

ಇಳಿದು ಬಂದ ಜನರಲ್ಲಿ ಕುರುಗೋಡಿನ ಹತ್ತಿ ಅಂಗಳದವರೂ ಇದ್ದರು. ಅವರೇ ವಿಚಾರಣೆ ಮುಗಿಸಿದರು.

"ಸೊಸಿಗೆ ಗಾಡಿ ಕಲಸಾಕ ಹತ್ಯಾರಪ್ಪೋ."

"ಇಷ್ಟು ವರ್ಷದಾಗ ಧಣೇರ ಗಾಡಿಗೆ ಒಂದು ಕೋಳಿ ಬಿದ್ದಿಲ್ಲ. ಇವತ್ತ ಹೆಣ್ಮಕ್ಕಳ ಕೈ ತಾಕಿತು, ಆತು."

ಆ ಉತ್ತರ ಎಲ್ಲರಿಗೂ ಅನುಕೂಲವಾಗಿತ್ತು. ನನಗೆ ಅದರಿಂದ ನಷ್ಟವೇನಿರಲಿಲ್ಲ, ಹೇಗೂ ಯಾರೂ ನನ್ನ ಕೈಗೆ ಗಾಡಿ ಕೊಡುವವರಿರಲಿಲ್ಲ. ಮಾವನವರ ಕೆಲಸ ಉಳಿಯುತ್ತಿತ್ತು. ನಾನು ಸೆರಗು ಸರಿಮಾಡಿಕೊಂಡು, "ಹೌದ್ರಿ, ನಂದ ತಪ್ಪು. ನಾನ ಹೊಡೀತಿದ್ದೆ" ಎಂದೆ. ಯಾರೂ ಕೇಳದೆ ನಾನು ಮಾವನವರೆದುರು ಆಡಿದ ಮೊದಲ ಮಾತು ಅದು. ಎರಡು ನಿಮಿಷ ತಡವಾಗಿತ್ತು, ಮತ್ತು ಸುಳ್ಳಾಗಿತ್ತು.

ಮಾವನವರು ಮಡಿಲಿನ ಹತ್ತಿಯಿಂದ ತಲೆ ಎತ್ತಿದರು. ಆಮೇಲೆ ಹೇಳಿದರು:

"ಆಕಿ ಸುಳ್ಳು ಹೇಳಾಕ ಹತ್ಯಾಳ. ಹೊಡೀತಿದ್ದಾಂವ ನಾನು. ನನಗ ಲಕ್ವಾ ಆಗೈತಿ, ಎಡಗೈ ಏಳಾಂಗಿಲ್ಲ. ಅದಕ್ಕ ಆಕಿ ಹಿಡಕೊಂಡಿದ್ಲು. ಎರಡು ವರ್ಷ ಆತು."

ಮೊದಲು ಮಾತಾಡಿದವನು ಬಂಡಿಯ ಯಜಮಾನ. ಮುದುಕ, ಕೈಯಲ್ಲಿ ಬಾರುಕೋಲು. ಹೊಲದಿಂದ ಮೇಲೆ ಹತ್ತಿ ಬಂದಿದ್ದ.

"ಎರಡು ವರ್ಷ ಅಂದ್ರ," ಎಂದು ಅವನು ನಿಧಾನವಾಗಿ ಎಣಿಸಿದ. "ಹೋದ ವರ್ಷ ನನ್ನ ಹತ್ತಿ ಎರಡನೇ ದರ್ಜಿ ಅಂದ್ರಲ್ಲ ಧಣೇರಾ. ಅದನ್ನ ಯಾವ ಕೈಲೆ ಅಂದ್ರಿ?"

ಅಂಗಳದವರು ಹತ್ತಿರ ಬಂದರು. ಅತ್ತೆ ಅಡುಗೆಮನೆಯ ಬಾಗಿಲು ಮುಚ್ಚಿ ಹೆದರಿದ್ದು ಇದಕ್ಕೇ.

"ಬೆರಳು ಚಲೋ ಅದಾವ," ಎಂದರು ಮಾವನವರು.

"ಹಂಗಾರ ನೋಡಿ ಹೇಳ್ರಿ. ನಿಮ್ಮ ಮಡಲಾಗ ಐತೆಲ್ಲ, ನಂದ ಹತ್ತಿ."

ಅವರು ಒಂದು ಹಿಡಿ ತೆಗೆದುಕೊಂಡರು. ಬಲಗೈಯಿಂದ ಎಡಗೈಯನ್ನು ಎತ್ತಿ, ಮೊಳಕೈಯನ್ನು ನಡಕ್ಕೆ ಒತ್ತಿಕೊಂಡರು. ಇದನ್ನು ಅವರು ಎಲ್ಲರೆದುರು ಮುಚ್ಚಿಡದೆ ಮಾಡಿದ್ದು ಅದೇ ಮೊದಲು. ಬೀಜದಿಂದ ಎಳೆ ಬಿಡಿಸಿದರು. ಎಲ್ಲರೂ ಅವರ ಬೆರಳುಗಳನ್ನೇ ನೋಡುತ್ತಿದ್ದರು. ಅವರು ಎಳೆದರು. ಬಿಟ್ಟರು. ಇನ್ನೊಂದು ಸಲ ಎಳೆದರು.

"ಹೋದ ವರ್ಷದಕ್ಕಿಂತ ಚಲೋ ಐತಿ," ಎಂದರು. "ಆದ್ರೂ ಎರಡನೇದ."

ಮುದುಕ ಬಾರುಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

"ಹಂಗಾರ ಕೈ ಸರಿ ಐತಿ," ಎಂದ, ಬೇಸರದ ದನಿಯಲ್ಲಿ.

ಅಂಗಳದವರಿಗೆ ಅಷ್ಟು ಸುಲಭವಾಗಿ ಸಮಾಧಾನವಾಗಲಿಲ್ಲ. ಮುಂದಿನ ವಾರದಿಂದ ಕುರುಗೋಡಿನಲ್ಲಿ ಮಾವನವರು ದರ್ಜೆ ಹೇಳಿದ ಮೇಲೆ ಯಾರಾದರೊಬ್ಬರು ಅದೇ ಹತ್ತಿಯನ್ನು ಮತ್ತೆ ಎಳೆದು ನೋಡುತ್ತಿದ್ದರು. ಮಾವನವರು ಪಕ್ಕಕ್ಕೆ ನಿಂತು, ಅವರು ಮುಗಿಸುವ ತನಕ ಕಾಯುತ್ತಿದ್ದರು. ಹಳಬರಲ್ಲಿ ಕೆಲವರು ಬೇರೆಯವರ ಹತ್ತಿರ ಹೋದರು. ಹೋದವರು ತಿರುಗಿ ಬರಲಿಲ್ಲ. ಉಳಿದವರು ಆ ಸುಗ್ಗಿ ಮುಗಿಯುವ ಹೊತ್ತಿಗೆ ಮತ್ತೆ ಎಳೆದು ನೋಡುವುದನ್ನು ಬಿಟ್ಟರು. ಕೆಲಸ ಮೊದಲಿನ ಅರ್ಧದಷ್ಟು ಉಳಿಯಿತು. ಅವರು ಅದನ್ನು ಇನ್ನೂ ಎಂಟು ವರ್ಷ ಮಾಡಿದರು, ಮೊಳಕೈಯನ್ನು ಎಲ್ಲರೆದುರು ನಡಕ್ಕೆ ಒತ್ತಿಕೊಂಡು. ಈಗ ಓಣಿಯವರು ಸೊಕ್ಕಿನ ಮಾತು ಬಿಟ್ಟು ಪಾಪ ಎನ್ನುತ್ತಿದ್ದರು. ಮಾವನವರಿಗೆ ಸೊಕ್ಕಿನ ಮಾತೇ ವಾಸಿ ಅನ್ನಿಸುತ್ತಿತ್ತು ಎಂದು ಅತ್ತೆ ಹೇಳಿದರು.

ಗಾಡಿಯನ್ನು ಎರಡು ಕೈಯೂ ಗಟ್ಟಿಯಿದ್ದ ಒಬ್ಬ ಗಣಿ ಗುತ್ತಿಗೆದಾರ ಕೊಂಡುಹೋದ. ಲೋಡು ಪಡಸಾಲೆಗೆ ವಾಪಸ್ಸು ಬಂತು. ಅದಕ್ಕೆ ಅಂಟಿದ್ದ ಹತ್ತಿ ಎಳೆಗಳನ್ನು ನಾನೇ ಕಿತ್ತೆ.

ಶಾಲೆಯ ಪ್ರಯೋಗಶಾಲೆಯಲ್ಲಿ ಒಂದು ಸ್ಟಾಪ್‌ವಾಚ್ ಇತ್ತು. ಯಾರೂ ಇಲ್ಲದಾಗ ಅದನ್ನು ಒತ್ತಿ "ಬಸ್ ಬಂತ್ರಿ ಮಾವಾರ" ಎಂದು ಹೇಳಿ ನಿಲ್ಲಿಸುತ್ತಿದ್ದೆ. ಎಷ್ಟು ಸಲ ಮಾಡಿದರೂ ಒಂದು ಸೆಕೆಂಡಿನ ಮೇಲೆ ಚೂರು. ಕೋಳಿ ಬುಟ್ಟಿ ಕಂಡದ್ದಕ್ಕೂ ಹಾರ್ನ್ ಆದದ್ದಕ್ಕೂ ನಡುವೆ ಎಷ್ಟು ಕಾಲ ಇತ್ತು ಎಂಬುದು ಗೊತ್ತಾಗಿದ್ದರೆ ಲೆಕ್ಕ ಮುಗಿಯುತ್ತಿತ್ತು. ಅದು ಒಮ್ಮೆ ಎರಡು ಸೆಕೆಂಡು ಅನ್ನಿಸುತ್ತದೆ, ಒಮ್ಮೆ ನಾಲ್ಕು. ನಾನು ಹೇಳಿ, ಅವರು ಎಡಕ್ಕೆ ಎಳೆದು, ನಾನು ಬಿಟ್ಟಿದ್ದರೆ ಸರಿಯಾಗಿ ಬಂಡಿಯ ಹಿಂದೆ ಸೇರುತ್ತಿದ್ದೆವೋ ಅಥವಾ ಮುದುಕನನ್ನೇ ಗುದ್ದುತ್ತಿದ್ದೆವೋ ಅದೂ ತಿಳಿಯದು. ಹೇಳದೆ ಇದ್ದದ್ದರಿಂದ ಉಳಿದೆವು ಎಂದು ನನ್ನ ಗಂಡ ಹೇಳುತ್ತಾರೆ. ಅವರು ಅಲ್ಲಿ ಇರಲಿಲ್ಲ.

ಆಮೇಲೆ ಕುರುಗೋಡಿಗೆ ಇಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ರಷ್ ಇದ್ದ ದಿನ ಒಂದೇ ಸೀಟಿನಲ್ಲಿ ಕೂರುತ್ತಿದ್ದೆವು, ನಡುವೆ ಏನೂ ಇಡುತ್ತಿರಲಿಲ್ಲ. ಒಂದು ದಿನ ಡ್ರೈವರಿನ ಹಿಂದಿನ ಸೀಟು ಸಿಕ್ಕಿತ್ತು. ಬಸ್ಸು ಒಂದು ಬಂಡಿಯನ್ನು ದಾಟಲು ಬಲಕ್ಕೆ ಸರಿಯಿತು. ಮಾವನವರ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಏನನ್ನೋ ಹಿಡಿಯಿತು. ನನ್ನ ಎರಡೂ ಕೈ ಮುಂದೆ ಹೋಗಿದ್ದವು. ದೂರದಲ್ಲಿ ಎದುರಿನಿಂದ ಇನ್ನೊಂದು ಬಸ್ಸು ಬರುತ್ತಿತ್ತು.

"ಬಸ್ ಬಂತ್ರಿ ಮಾವಾರ!" ಎಂದೆ. ಜೋರಾಗಿಯೇ ಎಂದಿರಬೇಕು, ಮುಂದಿದ್ದ ಡ್ರೈವರು ತಿರುಗಿ ನೋಡಿದ. ಸೆರಗು ತಲೆಯಿಂದ ಜಾರಿತ್ತು.

ಮಾವನವರು ಕೈ ಇಳಿಸಿ, ಎಡಗೈಯನ್ನು ಎತ್ತಿ ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡರು.

"ನಾವೂ ಬಸ್ಸಿನಾಗ ಅದೀವವ್ವಾ," ಎಂದರು.